ಪಕ್ಷಮಾಸದ ಕುಂಕುಮ

ಭಾನುವಾರ, 6 ನವೆಂಬರ್ 1988. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ. ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ಮನೆಯ ಮಹಡಿ. ಕೆಳಗೆ ಲಾರಿಗಳ ಹಾರನ್, ಒಳಗೆ ಅಮ್ಮನ ಒಗ್ಗರಣೆ.

ಬರೆಯಬೇಕು ಎನ್ನಿಸಿದ್ದು ಫಿನಾಯಿಲ್ ವಾಸನೆಯಿಂದ. ಮೊನ್ನೆ ಗುರುವಾರ ಇಲಾಖೆಯ ಕೆಲಸದ ಮೇಲೆ ಕುಣಿಗಲ್ ಕಚೇರಿಗೆ ಹೋಗಿದ್ದೆ. ಹನ್ನೊಂದೂವರೆ ಹೊತ್ತಿಗೆ ಅಲ್ಲಿನ ಹೊಸ ಟೈಪಿಸ್ಟ್ ಹುಡುಗಿ ನನ್ನ ಕುರ್ಚಿಯ ಪಕ್ಕ ಬಂದು ಬಗ್ಗಿ, ಗುಟ್ಟಿನ ದನಿಯಲ್ಲಿ ಕೇಳಿದಳು: “ಅಕ್ಕಾ, ಕುಂಕುಮಕ್ಕೆ ಹೋಗ್ಬರೋಣ್ವಾ?”

ನಾನು ಎದ್ದು ಅವಳ ಹಿಂದೆ ಹೋದೆ. ಹಿಂಬದಿಯಲ್ಲಿ ಒಂದು ಸಣ್ಣ ಬಾಗಿಲು, ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಮಹಿಳೆಯರು’ ಎಂಬ ಬರಹ. ಬಾಗಿಲು ತೆಗೆದರೆ ಫಿನಾಯಿಲ್ ಘಾಟು.

“ಇದಕ್ಕೆ ಕುಂಕುಮ ಅಂತ ಯಾಕಂತೀರಾ?” ಎಂದು ಕೇಳಿದೆ.

“ಗೊತ್ತಿಲ್ಲಕ್ಕ. ನಾನು ಬರೋಕ್ ಮುಂಚಿಂದ್ಲೂ ಇಲ್ಲಿ ಹಂಗೇ ಅಂತಾರೆ. ಯಾಕೆ, ನಿಮ್ ಆಫೀಸಲ್ಲಿ ಏನಂತೀರಾ?”

ನಾನು ಗೋಡೆ ಹಿಡಿದುಕೊಂಡು ನಕ್ಕೆ. ಪಾಪ, ಹುಡುಗಿ ಹೆದರಿ ನೀರು ತರಲೇ ಎಂದಳು. ಸಂಜೆ ತುಮಕೂರಿನ ಬಸ್ಸಿನಲ್ಲೂ ನಗು ಮತ್ತೆ ಮತ್ತೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಬ್ಯಾಗನ್ನು ಆ ಕಡೆಗೆ ಸರಿಸಿಕೊಂಡರು.

ಆ ಮಾತು ಹುಟ್ಟಿದ್ದು ಗುಬ್ಬಿಯಲ್ಲಿ, 1983ರ ಶ್ರಾವಣದಲ್ಲಿ. ಮೊದಲು ಬಂದದ್ದು ನನ್ನ ಬಾಯಿಂದಲೇ. ಆದರೆ ಅದಕ್ಕೆ ಬೆಲೆ ತಂದವರು ನಾನಲ್ಲ, ಸರೋಜಮ್ಮ.

ಆ ವರ್ಷ ಆಷಾಢದಲ್ಲಿ ನಾನು ಗುಬ್ಬಿಯ ಒಂದು ಸರ್ಕಾರಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ಕಚೇರಿಯ ಹೆಸರು ಬೇಡ. ಅಂಥವು ಆಗ ಎಲ್ಲ ತಾಲ್ಲೂಕಿನಲ್ಲೂ ಇದ್ದವು. ಹದಿಮೂರು ಜನ ಗಂಡಸರು, ಇಬ್ಬರು ಹೆಂಗಸರು. ಇನ್ನೊಬ್ಬರು ಸರೋಜಮ್ಮ, ಮೂವತ್ತೆರಡು ವರ್ಷದವರು. ಅವರ ಗಂಡ ಅದೇ ಕಚೇರಿಯ ಜೀಪ್ ಡ್ರೈವರ್ ಆಗಿದ್ದರು. ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಇವರಿಗೆ ಗುಮಾಸ್ತೆ ಕೆಲಸ ಕೊಟ್ಟಿದ್ದರು. ಇನ್ನೂ ಪ್ರೊಬೇಷನ್. ದೀಪಾವಳಿಗೆ ವರ್ಷ ತುಂಬುತ್ತಿತ್ತು. ಸಾಹೇಬರು ಒಳ್ಳೆಯ ವರದಿ ಬರೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಕೋರ ಎಂಬ ಹಳ್ಳಿಯ ಅತ್ತೆಯ ಮನೆಯಲ್ಲಿ ಮಗಳೊಂದಿಗೆ ರಾಗಿ ಹೊಲ ನೋಡಿಕೊಂಡಿರಬೇಕು.

ಅವರು ಕೋರದಿಂದ ಬಸ್ಸಿನಲ್ಲಿ ಶಿರಾ ಗೇಟಿಗೆ ಬರುತ್ತಿದ್ದರು. ನಾನು ಅಲ್ಲಿ ಜೊತೆ ಸೇರುತ್ತಿದ್ದೆ. ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋಗಿ ಗುಬ್ಬಿ ಬಸ್ಸು ಹತ್ತುತ್ತಿದ್ದೆವು. ಅದರ ಮುಂದಿನ ಸೀಟುಗಳು ನಮ್ಮವು: ಗುಬ್ಬಿ ಆಸ್ಪತ್ರೆಯ ನರ್ಸ್ ಫಿಲೋಮಿನಾ ಸಿಸ್ಟರ್, ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಷಮೀಮ್, ಮತ್ತೆ ಕೆಲವು ಟೀಚರುಗಳು. ಬೆಳಗಿನ ಆ ನಲವತ್ತು ನಿಮಿಷದಲ್ಲಿ ಎಲ್ಲ ಆಗುತ್ತಿತ್ತು. ಯಾರ ಆಫೀಸಿನಲ್ಲಿ ಸಾಹೇಬರ ಅತಿಥಿಗಳಿಗೆ ಕಾಫಿ ತರುವ ಕೆಲಸ ಹೆಂಗಸರ ಮೇಲೆಯೇ ಬೀಳುತ್ತದೆ, ಹೆರಿಗೆ ರಜೆಗೆ ಯಾವ ನಿಯಮ ತೋರಿಸಬೇಕು, ಇಲಾಖೆ ಪರೀಕ್ಷೆಗೆ ಯಾರ ಹತ್ತಿರ ಪುಸ್ತಕವಿದೆ. ಒಬ್ಬರು ಕಲಿತದ್ದು ಗುಬ್ಬಿ ತಲುಪುವುದರೊಳಗೆ ಎಲ್ಲರಿಗೂ ಬಂದಿರುತ್ತಿತ್ತು. ಕಂಡಕ್ಟರ್ ನಮ್ಮ ಸೀಟುಗಳಿಗೆ ‘ವಿಧಾನಸೌಧ’ ಎಂದು ಹೆಸರಿಟ್ಟಿದ್ದ.

ಆದರೆ ನಿಯಮದ ಪುಸ್ತಕದಲ್ಲಿ ಇಲ್ಲದ ತೊಂದರೆ ಒಂದಿತ್ತು. ನಮ್ಮ ಕಚೇರಿಯಲ್ಲಿ ಹೆಂಗಸರಿಗೆ ಹೋಗಲು ಜಾಗವಿರಲಿಲ್ಲ. ಗಂಡಸರಿಗೂ ಇರಲಿಲ್ಲ, ಆದರೆ ಗಂಡಸರಿಗೆ ಕಾಂಪೌಂಡ್ ಗೋಡೆ ಇತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಡೈರಿಯಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿದೆ ಎಂದು ಬರೆದಿಡುತ್ತಿದ್ದೆ. ಬೆಳಗ್ಗೆ ಅರ್ಧ ಲೋಟ, ಸಂಜೆ ಮನೆಗೆ ಬಂದು ನಾಲ್ಕು. ನಡುವೆ ಸೊನ್ನೆ. ಹೂಜಿ ನನ್ನ ಕಣ್ಣೆದುರೇ ಇರುತ್ತಿತ್ತು, ಗಂಡಸರು ಬಂದು ಬಂದು ಕುಡಿಯುತ್ತಿದ್ದರು.

ಕಚೇರಿಯ ಹಿಂದಿನ ಬೀದಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರ ಒಂದು ಮನೆ. ಯಜಮಾನಿ ಗೌರಮ್ಮನವರಿಗೆ ಅರವತ್ತೈದಿರಬಹುದು. ಅವರ ಸೊಸೆಗೆ ಮದುವೆಯಾಗಿ ಮೊದಲ ಶ್ರಾವಣ. ಒಂದು ಮಂಗಳವಾರ ಮಂಗಳಗೌರಿ ಪೂಜೆಗೆ ನನ್ನನ್ನೂ ಕರೆದರು. ಹೆಡ್ ಕ್ಲಾರ್ಕ್ ರಂಗಸ್ವಾಮಯ್ಯನವರ ಮೇಜಿನ ಮುಂದೆ ನಿಂತು ಕೇಳಿದೆ.

“ಸಾರ್, ಗೌರಮ್ಮನವರ ಮನೇಲಿ ಕುಂಕುಮಕ್ಕೆ ಕರ್ದಿದಾರೆ.”

ರಂಗಸ್ವಾಮಯ್ಯನವರು ಬಹಳ ಆಚಾರವಂತರು. ಐದು ನಿಮಿಷ ತಡವಾದರೆ ಕೆಂಪು ಇಂಕಿನಲ್ಲಿ ಗುರುತು ಹಾಕುವವರು, ಅವತ್ತು ಕನ್ನಡಕ ತೆಗೆದು ಕೈ ಮುಗಿದರು. “ಹೋಗ್ಬನ್ನಿ ಹೋಗ್ಬನ್ನಿ! ಕುಂಕುಮಕ್ಕೆ ಕರ್ದಾಗ ಇಲ್ಲ ಅನ್ನಬಾರ್ದು.”

ಹೋದೆ. ಗೌರಮ್ಮನವರ ಹಿತ್ತಲಲ್ಲಿ ಶುಚಿಯಾದ ಕಕ್ಕಸು ಮನೆ, ಪಕ್ಕದಲ್ಲೇ ತುಂಬಿದ ಹಂಡೆ. ಸಂಕೋಚದಿಂದ ಕೇಳಿದೆ. ಅವರು ಬೈದರು: “ಇಷ್ಟ್ ದಿನ ಏನ್ ಮಾಡ್ತಿದ್ಯೇ ತಾಯಿ? ದಿನಾ ಬಾ. ಯಾರ್ನಾರ ಕರ್ಕೊಂಡ್ ಬಾ.” ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಹಣೆಯಲ್ಲಿ ಕಳಿಸಬಾರದು ಎಂದು ಹೋಗುವಾಗ ಕುಂಕುಮ ಇಟ್ಟರು. ಹೀಗೆ ನಮಗೆ ಜಾಗವೂ ಸಿಕ್ಕಿತು, ಹಣೆಯ ಮೇಲೆ ಸಾಕ್ಷಿಯೂ ಸಿಕ್ಕಿತು.

ಮರುದಿನ ಬಸ್ಸಿನಲ್ಲಿ ಹೇಳಿದೆ. ವಿಧಾನಸೌಧದಲ್ಲಿ ಮಸೂದೆ ಅಂದೇ ಪಾಸಾಯಿತು. ಒಂದು ವಾರದಲ್ಲಿ ಎಲ್ಲರೂ ‘ಕುಂಕುಮಕ್ಕೆ’ ಹೋಗತೊಡಗಿದರು. ಎಕ್ಸ್‌ಚೇಂಜಿನಲ್ಲೂ ಜಾಗವಿರಲಿಲ್ಲ, ಷಮೀಮ್ ತುಮಕೂರಿನ ಆಪರೇಟರಿಗೆ ಲೈನಿನಲ್ಲೇ, “ಸ್ವಲ್ಪ ನೋಡ್ಕೊ, ಕುಂಕುಮಕ್ಕೆ ಹೋಗ್ಬರ್ತೀನಿ” ಎಂದು ಹೇಳಿ ಎದ್ದು ಗೌರಮ್ಮನವರ ಮನೆಗೆ ಬರುತ್ತಿದ್ದಳು.

“ನಮ್ಮನೇಲಿ ಒಂದ್ ಡಬ್ಬಿ ಕುಂಕುಮ ಇಲ್ಲ, ನಾನ್ ನೋಡಿದ್ರೆ ದಿನಾ ಎರಡ್ಸಲ ಕುಂಕುಮಕ್ಕೆ ಹೋಗ್ತೀನಿ!” ಎಂದು ಅವಳು ನಗುತ್ತಿದ್ದಳು.

“ನಾನೂ ಚರ್ಚಲ್ಲಿ ಹೇಳ್ಕೊಬೇಕು,” ಎಂದರು ಸಿಸ್ಟರ್. ಆಸ್ಪತ್ರೆಯಲ್ಲಿ ಜಾಗವಿದ್ದರೂ ಮಾತು ಚೆನ್ನಾಗಿದೆ ಎಂದು ಅವರೂ ಅದನ್ನೇ ಬಳಸುತ್ತಿದ್ದರು.

ಶ್ರಾವಣ ಪೂರ್ತಿ ಹೀಗೆ ಸುಖವಾಗಿ ಕಳೆಯಿತು. ಜಿಟಿಜಿಟಿ ಮಳೆ. ಗೌರಮ್ಮನವರ ಅಟ್ಟದಿಂದ ಕೊಬ್ಬರಿಯ ವಾಸನೆ. ರಂಗಸ್ವಾಮಯ್ಯನವರು ತುಮಕೂರಿನಿಂದ ಬಂದವರ ಮುಂದೆಲ್ಲ, “ನಮ್ಮಾಫೀಸಿನ ಹೆಣ್ಮಗು ಬಹಳ ಭಕ್ತಿವಂತೆ, ಒಂದು ದಿನ ತಪ್ಪಿಸಲ್ಲ” ಎಂದು ಹೊಗಳುತ್ತಿದ್ದರು.

ಸರೋಜಮ್ಮ ಮಾತ್ರ ಬರುತ್ತಿರಲಿಲ್ಲ. ಕರೆದರೆ, “ನಂಗ್ ಅಭ್ಯಾಸ ಆಗೋಗಿದೆ ಕಣೇ, ನೀನ್ ಹೋಗು” ಎನ್ನುತ್ತಿದ್ದರು. ಗಟ್ಟಿಗಿತ್ತಿ ಎಂದು ನಾವು ಅಂದುಕೊಂಡೆವು. ಗಂಡ ಸತ್ತ ಹೆಂಗಸು ಹೆಡ್ ಕ್ಲಾರ್ಕ್ ಮುಂದೆ ನಿಂತು ಕುಂಕುಮಕ್ಕೆ ಹೋಗುತ್ತೇನೆ ಎಂದು ಹೇಗೆ ಹೇಳಿಯಾಳು? ಷಮೀಮಳಿಗೂ ಸಿಸ್ಟರಿಗೂ ಒಪ್ಪಿದ ಮಾತು ಅವರೊಬ್ಬರಿಗೆ ಮುಚ್ಚಿದ ಬಾಗಿಲಾಗಿತ್ತು.

ಗೌರಿ ಹಬ್ಬ ಕಳೆದು ಎರಡು ವಾರಕ್ಕೆ ಸರೋಜಮ್ಮನಿಗೆ ಜ್ವರ ಬಂತು. ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಸಿಸ್ಟರ್ ಕಿವಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ, ಮುಖ ಕೆಂಪಗೆ ಮಾಡಿಕೊಂಡರು.

“ನೀರೇ ಕುಡಿಯಲ್ಲ, ತಡ್ಕೊಂಡು ಕೂತಿರ್ತೀರಾ. ಇನ್ಫೆಕ್ಷನ್ ಆಗದೆ ಇನ್ನೇನಾಗುತ್ತೆ? ಹೀಗೇ ಆದ್ರೆ ಕಿಡ್ನಿಗೆ ಬರುತ್ತೆ ನೋಡಿ. ಮಾತ್ರೆ ಕೊಡಿಸ್ತೀನಿ. ಚೆನ್ನಾಗಿ ನೀರು ಕುಡೀಬೇಕು, ಎರಡು ಗಂಟೆಗೊಂದ್ಸಲ ಹೋಗ್ಬೇಕು.”

“ಏನಂತ ಹೇಳಿ ಹೋಗ್ಲಿ ಸಿಸ್ಟರ್?”

“ನೀವೂ ಕುಂಕುಮಕ್ಕೆ ಅನ್ನಿ ಅಕ್ಕಾ,” ಎಂದಳು ಷಮೀಮ್. “ನಾನ್ ಅಂತಿಲ್ವಾ?”

ಸರೋಜಮ್ಮ ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡುತ್ತಲೇ, “ಆಯ್ತು ಬಿಡು, ಅಂತೀನಿ” ಎಂದರು.

ಅವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಮಾತ್ರೆ ನುಂಗಿ ಎರಡು ಲೋಟ ನೀರು ಕುಡಿದರು. ಹನ್ನೆರಡಕ್ಕೆ ಎದ್ದು ರಂಗಸ್ವಾಮಯ್ಯನವರ ಮುಂದೆ ನಿಂತರು.

“ಸಾರ್, ಗೌರಮ್ಮನವರ ಮನೆಗೆ ಕುಂಕುಮಕ್ಕೆ ಹೋಗ್ಬರ್ತೀನಿ.”

ಅವರು ತಲೆ ಎತ್ತಿದರು. ಮೊದಲು ಸರೋಜಮ್ಮನ ಹಣೆ ನೋಡಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು.

“ಪಕ್ಷಮಾಸದಲ್ಲಿ ಯಾರಮ್ಮ ಕುಂಕುಮಕ್ಕೆ ಕರಿಯೋರು?”

ನನ್ನ ಬೆರಳು ಟೈಪ್ ಮೆಷಿನ್ ಮೇಲೆ ನಿಂತಿತು. ಪಿತೃಪಕ್ಷ ಶುರುವಾಗಿತ್ತು! ಆ ಹದಿನೈದು ದಿನ ಹಿರಿಯರಿಗೆ ಎಡೆ ಇಡುವ ಕಾಲ. ಶುಭಕಾರ್ಯವಿಲ್ಲ, ಯಾರೂ ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ತಾರೀಖು, ವಾರ, ತಿಥಿ ಎಲ್ಲ ಬರೆದಿಡುವ ನಾನೇ ಹಿಂದಿನ ದಿನವೂ ಕುಂಕುಮಕ್ಕೆ ಹೋಗಿ ಬಂದಿದ್ದೆ. ನನ್ನ ಮೇಲಿನ ನಂಬಿಕೆಯಿಂದ ಅವರು ಕ್ಯಾಲೆಂಡರ್ ನೋಡಿರಲಿಲ್ಲ, ಅಷ್ಟೆ.

ರಂಗಸ್ವಾಮಯ್ಯನವರು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. “ಅದೂ ನಿಮ್ಮನ್ನ?”

ಸರೋಜಮ್ಮ ವಾಪಸು ಬಂದು ಕೂತರು. ಪೆನ್ನು ತೆಗೆದುಕೊಂಡರು. ಒಂದು ಸಾಲು ಬರೆದಿರಬೇಕು. ಆಮೇಲೆ ಪೆನ್ನಿನ ಕ್ಯಾಪು ಹಾಕಿ, ಎದ್ದು, ಯಾರನ್ನೂ ಕೇಳದೆ ಹೊರಗೆ ನಡೆದರು.

ನಾನು ಹಿಂದೆಯೇ ಓಡಿದೆ. ಗೌರಮ್ಮನವರು ಬಾಗಿಲಲ್ಲೇ ಇದ್ದರು. ಕೇಳದೆ ಹಿತ್ತಲಿನ ದಾರಿ ತೋರಿಸಿದರು. ಸರೋಜಮ್ಮ ಹೊರಗೆ ಬಂದಾಗ ಗೌರಮ್ಮನವರು ಅಭ್ಯಾಸದಂತೆ ಕುಂಕುಮದ ಬಟ್ಟಲು ಕೈಗೆತ್ತಿಕೊಂಡು, ಅವರ ಹಣೆ ನೋಡಿ, ಅಲ್ಲೇ ನಿಂತರು. ಸರೋಜಮ್ಮ ತಲೆ ತಗ್ಗಿಸಿದರು. ಗೌರಮ್ಮನವರು ಬಟ್ಟಲು ಕೆಳಗಿಟ್ಟು, ಮೂಲೆಯಿಂದ ಒಂದು ದಪ್ಪ ಎಳನೀರು ತಂದು ತಾವೇ ಮಚ್ಚಿನಿಂದ ಕೆತ್ತಿ ಕೈಗೆ ಕೊಟ್ಟರು.

“ಕುಡಿಯವ್ವ. ಪೂರ್ತಿ ಕುಡಿ. ಇನ್ಮೇಲೆ ಹೆದರ್ಕೊಂಡು ಕುಡೀಬ್ಯಾಡ.”

ಸರೋಜಮ್ಮ ಗಟಗಟ ಕುಡಿದರು. ಎಷ್ಟೋ ತಿಂಗಳ ಮೇಲೆ ಹಾಡುಹಗಲಲ್ಲಿ ಹೊಟ್ಟೆ ತುಂಬ ಕುಡಿದದ್ದು ಎಂದು ಆಮೇಲೆ ಹೇಳಿದರು.

ಮರುದಿನ ಸರೋಜಮ್ಮನ ಮೇಜಿನ ಮೇಲೆ ಮೆಮೊ ಇತ್ತು. ಸುಳ್ಳು ಕಾರಣ ಹೇಳಿ, ಅನುಮತಿಯಿಲ್ಲದೆ ಸ್ಥಳ ಬಿಟ್ಟಿದ್ದಕ್ಕೆ ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕು. ಪ್ರೊಬೇಷನ್ನಿನಲ್ಲಿ ಇರುವವರಿಗೆ ಮೆಮೊ ಎಂದರೆ ಏನು ಎಂದು ಬಸ್ಸಿನ ಎಲ್ಲರಿಗೂ ಗೊತ್ತಿತ್ತು.

“ಕ್ಷಮಿಸಿ ಅಂತ ಬರ್ದುಬಿಡ್ತೀನಿ,” ಎಂದರು ಸರೋಜಮ್ಮ, ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ. “ಮಗಳ ಮುಖ ನೋಡ್ಬೇಕಲ್ಲ ನಾನು.”

“ಯಾತಕ್ಕೆ ಕ್ಷಮಿಸೋದು? ಇದ್ದಿದ್ದನ್ನ ಬರೀರಿ,” ಎಂದರು ಸಿಸ್ಟರ್. “ಮೂತ್ರಕ್ಕೆ ಹೋಗಿದ್ದೆ ಅಂತ ಬರೀರಿ.”

“ಅಯ್ಯೋ, ಸಾಹೇಬ್ರಿಗೆ ಆ ಪದಾನಾ?”

“ಆಸ್ಪತ್ರೇಲಿ ದಿನಾ ಬರೀತೀವಿ. ಕಾಗದ ಏನೂ ಹರಿದೋಗಲ್ಲ.”

ಗುಬ್ಬಿ ಬರುವವರೆಗೆ ವಾದ ನಡೆಯಿತು. ಬಹಿರ್ದೆಸೆ ಎನ್ನೋಣ ಎಂದರು ಒಬ್ಬ ಟೀಚರ್. ಜಲಬಾಧೆ ಎಂದರೆ ಗೌರವವಾಗಿರುತ್ತದೆ ಎಂದರು ಇನ್ನೊಬ್ಬರು. “ಜಲಬಾಧೆ ಅಂದ್ರೆ ಪ್ರವಾಹ ಪರಿಹಾರದ ಫೈಲಿಗೆ ಹಾಕ್ಬಿಡ್ತಾರೆ” ಎಂದಳು ಷಮೀಮ್. ಕಂಡಕ್ಟರ್ ಏನೂ ಕೇಳಿಸದವನಂತೆ ಟಿಕೆಟ್ ಎಣಿಸುತ್ತಿದ್ದ. ಕೊನೆಗೆ ಸರೋಜಮ್ಮ, “ಸಿಸ್ಟರ್ ಹೇಳಿದ್ದೇ ಇರ್ಲಿ” ಎಂದರು.

ನಾನು ಟೈಪ್ ಮಾಡಿದೆ. ‘ಕುಂಕುಮಕ್ಕೆ ಎಂದು ಹೇಳಿದ್ದು ಸುಳ್ಳು. ಮೂತ್ರಕ್ಕೆ ಹೋಗಿದ್ದೆ. ಈ ಕಚೇರಿಯಲ್ಲಿ ಮಹಿಳೆಯರಿಗೆ ಅದಕ್ಕೆ ಜಾಗವಿಲ್ಲ.’ ಇಷ್ಟೇ. ನಮ್ಮ ಮೆಷಿನ್ನಿನಲ್ಲಿ ರ ಒತ್ತು ಸರಿಯಾಗಿ ಮೂಡುತ್ತಿರಲಿಲ್ಲ. ಆ ಪದವನ್ನು ಪೆನ್ನಿನಿಂದ ತಿದ್ದಿದೆ. ಹಾಗಾಗಿ ಇಡೀ ಹಾಳೆಯಲ್ಲಿ ಎದ್ದು ಕಾಣುವ ಪದ ಅದೊಂದೇ ಆಯಿತು.

ಸರೋಜಮ್ಮನ ಸಹಿಯ ಕೆಳಗೆ ‘ನಾನೂ ಹೀಗೆಯೇ ಹೋಗಿದ್ದೇನೆ’ ಎಂದು ಬರೆದು ನನ್ನ ಸಹಿ ಹಾಕಿದೆ. ಸಂಜೆ ಬಸ್ಸಿನಲ್ಲಿ ತೋರಿಸಿದಾಗ ಷಮೀಮ್ ಕಾಗದ ಕಸಿದುಕೊಂಡಳು.

“ನಂದೂ ಹಾಕ್ತೀನಿ.”

“ನೀನು ನಮ್ಮಾಫೀಸಿನವಳಲ್ಲ ಕಣೇ.”

“ಕುಂಕುಮ ಏನು ನಿಮ್ಮಾಫೀಸಿಂದಾ?”

ಬಸ್ಸು ಹಳ್ಳದಲ್ಲಿ ಎಗರುತ್ತಿರುವಾಗಲೇ ಇನ್ನೂ ಏಳು ಸಹಿ ಬಿದ್ದವು, ಎಲ್ಲವೂ ಸೊಟ್ಟ. ನಮ್ಮಿಬ್ಬರದೂ ಸೇರಿ ಒಂಬತ್ತು.

ನಮ್ಮ ಕಚೇರಿಯಲ್ಲಿ ಟಪ್ಪಾಲನ್ನು ಹೆಡ್ ಕ್ಲಾರ್ಕ್ ಜೋರಾಗಿ ಓದಬೇಕು, ಸಾಹೇಬರು ಕಣ್ಣು ಮುಚ್ಚಿ ಕೇಳಬೇಕು. ಅದು ಅಲ್ಲಿನ ಪದ್ಧತಿ. ಅರ್ಧ ಬಾಗಿಲಿನ ಈಚೆ ನನ್ನ ಮೇಜು.

“ಕುಂಕುಮಕ್ಕೆ ಎಂದು ಹೇಳಿದ್ದು ಸುಳ್ಳು,” ಎಂದು ಓದಿದರು ರಂಗಸ್ವಾಮಯ್ಯ. “ಮೂ... ಮೂ...”

“ಮೂರು ಏನ್ರೀ?”

“ಮೂರಲ್ಲ ಸಾರ್. ಮೂ... ತಾವೇ ನೋಡ್ಬೇಕು ಸಾರ್.”

ಕಾಗದ ಸರಿದಾಡಿದ ಸದ್ದು.

“ಎಕ್ಸ್‌ಚೇಂಜ್‌ನೋರು ಯಾಕ್ರೀ ನಮ್ ಮೆಮೋಗೆ ಸೈನ್ ಹಾಕಿದಾರೆ?”

“ಅವ್ರೂ ಹೋಗ್ತಾರಂತೆ ಸಾರ್.”

“ಎಲ್ಲಿಗೆ?”

“ಅದೇ ಸಾರ್... ಮೂ...”

ಸರೋಜಮ್ಮನಿಗೆ ಕರೆ ಬಂತು. ನನಗೆ ಕರೆ ಇಲ್ಲದಿದ್ದರೂ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಸಾಹೇಬರು ಕೆಟ್ಟವರಲ್ಲ, ತೊಂದರೆ ಬೇಡದವರು. ಇದಕ್ಕೆ ಗ್ರಾಂಟ್ ಇಲ್ಲ, ಬರೆದರೆ ಮಂಜೂರಾಗಲು ವರ್ಷಗಳು ಬೇಕು ಎಂದರು. “ಊರಿನವರನ್ನೆಲ್ಲ ಸೇರಿಸಿ ಹೀಗೆ ಮಾಡಿದ್ರೆ ನಿಮ್ಮ ಪ್ರೊಬೇಷನ್ ಗತಿ ಏನಮ್ಮ?”

ಸರೋಜಮ್ಮ ಸೆರಗು ಸರಿಮಾಡಿಕೊಂಡರು.

“ಸಾರ್, ನಮ್ಮನೆಯವ್ರು ಇದೇ ಆಫೀಸಲ್ಲಿ ಹತ್ತು ವರ್ಷ ಡ್ರೈವರ್ ಆಗಿದ್ರು. ದಿನಾ ಆ ಕಾಂಪೌಂಡ್ ಗೋಡೆ ಹತ್ರ ಹೋಗೋರು. ಯಾರೂ ಮೆಮೊ ಕೊಡ್ಲಿಲ್ಲ. ಅವ್ರ ಬದಲಿಗೆ ನಂಗೆ ಕೆಲ್ಸ ಕೊಟ್ರಿ, ದೊಡ್ಡ ಉಪಕಾರ. ಆದ್ರೆ ಗೋಡೇನ ಕೊಡಕ್ಕಾಗಲ್ವಲ್ಲ ಸಾರ್.”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ತಡೆದು ನೋಡಿದರು, ಆಗಲಿಲ್ಲ. ಕರ್ಚೀಪು ಬಾಯಿಗೆ ಒತ್ತಿಕೊಂಡರು. ನಗದವರು ಒಬ್ಬರೇ, ರಂಗಸ್ವಾಮಯ್ಯನವರು. ಅವರು ಗಂಟಲು ಸರಿಮಾಡಿಕೊಂಡರು.

“ಸಾರ್, ಇನ್ಸ್‌ಪೆಕ್ಷನ್ ರೂಮಿನ ಪಕ್ಕದ್ದು ಇದೆಯಲ್ಲ.”

ತುಮಕೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರೆ ಬೇಕಾಗುತ್ತದೆ ಎಂದು ಕಟ್ಟಿಸಿದ್ದ ಕಕ್ಕಸು ಅದು. ವರ್ಷಕ್ಕೊಮ್ಮೆ ತೆರೆಯುತ್ತಿದ್ದರು. ಉಳಿದಂತೆ ಒಳಗೆ ಮುರಿದ ಕುರ್ಚಿಗಳು. ಬೀಗದ ಕೈ ರಂಗಸ್ವಾಮಯ್ಯನವರ ಉಡಿದಾರದಲ್ಲಿ.

“ದೊಡ್ಡ ಸಾಹೇಬ್ರು ಬಂದ್ರೆ?” ಎಂದರು ಸಾಹೇಬರು.

“ಅವ್ರಿಗೆ ಗೋಡೆ ತೋರಿಸೋಣ ಸಾರ್.”

ಆಚಾರವಂತರ ಬಾಯಿಂದ ಆ ಮಾತು ಬಂದಾಗ ನಾನೂ ಸರೋಜಮ್ಮನೂ ಮುಖ ಮುಖ ನೋಡಿಕೊಂಡೆವು. ಕಾರಣವನ್ನು ಅವರೇ ಆಮೇಲೆ ಜಗುಲಿಯಲ್ಲಿ ಹೇಳಿದರು, ನಮ್ಮನ್ನು ನೋಡದೆ, ಹುಣಸೆ ಮರ ನೋಡುತ್ತಾ.

“ನನ್ ಮಗಳು ಕುಣಿಗಲ್ ಆಫೀಸಿಗೆ ಸೇರಿ ಆರು ತಿಂಗ್ಳಾಯ್ತು. ಶನಿವಾರ ಬಂದ್ಲು ಅಂದ್ರೆ ಚಪ್ಲಿ ಬಿಡದೆ ಹಿತ್ಲಿಗೆ ಓಡ್ತಾಳೆ. ಆಮೇಲೆ ಎರಡು ಚೊಂಬು ನೀರು ಕುಡೀತಾಳೆ. ಬಸ್ಸಿನ ಸೆಖೆ ಅಂತ ನಾನೂ ನಮ್ಮನೆಯವಳೂ ಅಂದ್ಕೊಂಡಿದ್ವಿ.” ಕನ್ನಡಕ ತೆಗೆದು ಒರೆಸುತ್ತಾ, “ಅವತ್ತು ನಾನು ಆ ಎರಡನೇ ಮಾತು ಆಡಬಾರ್ದಿತ್ತು ಕಣಮ್ಮ ಸರೋಜಮ್ಮ” ಎಂದರು.

ಶನಿವಾರ ಮಧ್ಯಾಹ್ನ ಕುರ್ಚಿಗಳನ್ನು ಹೊರಗೆ ಹಾಕಿಸಿದರು. ಗೌರಮ್ಮನವರು ಹೊಸ ತೆಂಗಿನ ಪೊರಕೆಯನ್ನೂ ಒಂದು ಬಕೆಟ್ಟನ್ನೂ ಕಳಿಸಿದರು. ಸಿಸ್ಟರ್ ಎರಡು ಬಾಟಲಿ ಫಿನಾಯಿಲ್ ಕೊಂಡು ತಂದರು. ಅರ್ಧ ಬಾಟಲಿ ಸಾಕು ಎಂದರೂ ಕೇಳದೆ ಷಮೀಮ್ ಎರಡನ್ನೂ ಸುರಿದಳು. ಮುಂದಿನ ವಾರವಿಡೀ ನಮ್ಮ ಕಚೇರಿಯಿಂದ ಹೋದ ಟಪ್ಪಾಲೆಲ್ಲ ಅದೇ ವಾಸನೆ.

ಸೋಮವಾರ. ಸಂತೆಯಲ್ಲಿ ಕೊಂಡ ಒಂದು ಹೊಸ ಹೂಜಿಯನ್ನು ನಮ್ಮಿಬ್ಬರ ಮೇಜಿನ ನಡುವೆ ಇಟ್ಟಿದ್ದೆವು. ಸರೋಜಮ್ಮ ಒಂದಾದ ಮೇಲೆ ಒಂದು ಮೂರು ಲೋಟ ಕುಡಿದರು. ಹನ್ನೆರಡರ ಹೊತ್ತಿಗೆ ಎದ್ದು ನಿಂತರು. ಇನ್ನು ಕೇಳಬೇಕಾಗಿಯೇ ಇರಲಿಲ್ಲ. ಆದರೂ ರಂಗಸ್ವಾಮಯ್ಯನವರ ಮೇಜಿನ ಮುಂದೆ ಹೋಗಿ, ಇಡೀ ಕಚೇರಿಗೆ ಕೇಳುವಂತೆ ಹೇಳಿದರು.

“ಸಾರ್, ಕುಂಕುಮಕ್ಕೆ ಹೋಗ್ಬರ್ತೀನಿ.”

ಪಕ್ಷಮಾಸ ಇನ್ನೂ ಮುಗಿದಿರಲಿಲ್ಲ. ರಂಗಸ್ವಾಮಯ್ಯನವರು ಕ್ಯಾಲೆಂಡರ್ ನೋಡಲಿಲ್ಲ. ಫೈಲಿನಿಂದ ತಲೆಯನ್ನೂ ಎತ್ತಲಿಲ್ಲ.

“ಹೋಗ್ಬನ್ನಿ ತಾಯಿ. ಬೀಗದ ಕೈ ಮೊಳೆಗೆ ಹಾಕಿದೀನಿ.”

ದೀಪಾವಳಿಗೆ ಸರೋಜಮ್ಮನ ಕೆಲಸ ಕಾಯಂ ಆಯಿತು. ಬಸ್ಸಿನಲ್ಲಿ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದರು, ಕಂಡಕ್ಟರಿಗೆ ಎರಡು. ವರ್ಷ ಮುಗಿಯುವುದರೊಳಗೆ ಎಕ್ಸ್‌ಚೇಂಜಿನವರೂ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಈಗ ಸರೋಜಮ್ಮ ತುಮಕೂರಿನಲ್ಲೇ ಇದ್ದಾರೆ, ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ.

ಮೊನ್ನೆ ಕುಣಿಗಲ್ಲಿನ ಸುದ್ದಿ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಾನಲ್ಲ ಕಣೇ! ನಾನ್ಯಾವತ್ ಕುಣಿಗಲ್‌ಗೆ ಹೋಗಿದ್ದೆ?” ಷಮೀಮಳ ಮೇಲೆ ನನಗೆ ಅನುಮಾನವಿದೆ, ಲೈನಿನಲ್ಲಿ ಅವಳು ಮಾತಾಡದ ತಾಲ್ಲೂಕಿಲ್ಲ. ಆದರೆ ಹೆಚ್ಚಿನ ಅನುಮಾನ ರಂಗಸ್ವಾಮಯ್ಯನವರ ಮೇಲೆಯೇ. ಯಾವುದೋ ಶನಿವಾರ ಸಂಜೆ ಅವರು ಮಗಳನ್ನು ಕೂರಿಸಿಕೊಂಡು, ಮೂ ಎನ್ನಲಾರದೆ, ಕುಂಕುಮ ಎಂದು ಹೇಳಿಕೊಟ್ಟಿರಬೇಕು. ಆ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾಳೆ, ರಂಗಸ್ವಾಮಯ್ಯನವರು ನಿವೃತ್ತರಾಗಿ ಎಲ್ಲಿದ್ದಾರೋ ತಿಳಿಯದು.

ಈ ಮಾತನ್ನು ಕುಣಿಗಲ್ಲಿಗೆ ಒಯ್ದವರು ಯಾರು ಎಂದು ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಿಮ್ಮ ಊರಿನ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಬೇರೆ ಯಾವುದಾದರೂ ಮಾತಿದ್ದರೆ ಅದನ್ನೂ ಬರೆಯಿರಿ, ಊರಿನ ಹೆಸರಿನ ಜೊತೆ. ನಾನು ಡೈರಿಯ ಕೊನೆಯಲ್ಲಿ ಒಂದು ಪುಟ ಬಿಟ್ಟಿದ್ದೇನೆ. ಯಾವ ಪದ ಬರೆಯುವುದೋ ಎಂಬ ಸಂಕೋಚ ಬೇಡ. ನಾವು ಒಂಬತ್ತು ಜನ ಆಗಲೇ ಬರೆದು ಸಹಿ ಹಾಕಿದ್ದೇವೆ.